ನೂರೆಂಟು ಸುತ್ತಿನ ಗೇಟು

ನಿಂಗಕ್ಕ ಲೋಹ ಕಡೆಯುವ ಲೇತ್ ಶಾಪಿನ ಬಾಗಿಲಿಗೆ ಬಂದು ನಿಂತಾಗ ಅನ್ನಪೂರ್ಣ ಪಂಪಿನ ಶಾಫ್ಟೊಂದಕ್ಕೆ ಥ್ರೆಡ್, ಅಂದರೆ ಸ್ಕ್ರೂವಿನ ಸುರುಳಿ ಹಲ್ಲು, ಕತ್ತರಿಸುತ್ತಿದ್ದಳು. ಥ್ರೆಡ್ ಕತ್ತರಿಸುವಾಗ ಲೇತ್ ನಡೆಸುವ ಟರ್ನರ್ ತಲೆ ಎತ್ತುವುದಿಲ್ಲ. ಟೂಲು ಅದೇ ಗೀರಿನಲ್ಲಿ ಮತ್ತೆ ಮತ್ತೆ ಹೋಗಿ ಬರಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೇ ಆಳಕ್ಕೆ. ಅವಸರಪಟ್ಟು ಒಮ್ಮೆಗೇ ಇಳಿಸಿದರೆ ಲೋಹ ಕತ್ತರಿಸಿ ಬರುವುದಿಲ್ಲ, ಕಿತ್ತು ಬರುತ್ತದೆ. ಅವಳ ಲೇತು ಹಳೆಯದು, ಇಂಚಿನ ಲೆಕ್ಕದ್ದು. ಅದರಲ್ಲಿ ಮಿಲಿಮೀಟರಿನ ಥ್ರೆಡ್ ಹಾಕುವಾಗ ಇನ್ನೊಂದು ಕಾಟ. ಗೀರಿನ ತುದಿಗೆ ಹೋದ ಮೇಲೆ ಹಿಡಿತ ಬಿಡುವಂತಿಲ್ಲ. ಬಿಟ್ಟು ಮತ್ತೆ ಹಿಡಿದರೆ ಟೂಲು ಹಳೆಯ ಗೀರು ತಪ್ಪಿ ಪಕ್ಕದಲ್ಲಿ ಬೀಳುತ್ತದೆ. ಟೂಲನ್ನು ತುಸು ಹಿಂದೆಳೆದು, ಯಂತ್ರವನ್ನು ಉಲ್ಟಾ ಓಡಿಸಿ, ಬಂದ ದಾರಿಯಲ್ಲೇ ವಾಪಸ್ ತರಬೇಕು.

ವಾಪಸ್ ತಂದು, ಮೋಟರ್ ಆರಿಸಿ, ಆಮೇಲೆ ಬಾಗಿಲ ಕಡೆ ನೋಡಿದಳು.

"ಯವ್ವಾ, ಬುಕ್ಕಸಾಗರದ ಕಾಲುವಿ ಗೇಟಿಗೆ ಹೊಸಾ ಸ್ಕ್ರೂ ಮಾಡಿದ್ದು ಇಲ್ಲೇನು?"

"ಹೌದ್ರಿ. ನಾನೇ ಮಾಡಿದ್ದು."

"ನೀನಾ?" ನಿಂಗಕ್ಕ ಅವಳ ಎಣ್ಣೆ ಮೆತ್ತಿದ ಅಂಗಿಯನ್ನೂ ಸೀರೆಯನ್ನೂ ಮೇಲಿಂದ ಕೆಳಗೆ ನೋಡಿದಳು. "ಹೆಣ್ಮಗಳು ಮಾಡೀಯಾ? ಛಲೋ ಆತು ಬಿಡು. ಗಂಡಸರನ್ನ ಕೇಳಿ ಕೇಳಿ ನನಗ ಸಾಕಾಗೈತಿ. ನೀನರ ಹೇಳು. ಕಬ್ಬಿಣ ಸುಳ್ಳು ಹೇಳತೈತೇನು?"

ಅನ್ನಪೂರ್ಣ ಸ್ಟೂಲು ಎಳೆದು ಕೊಟ್ಟಳು. ನಿಂಗಕ್ಕ ಕೂರಲಿಲ್ಲ.

ಅವಳ ಗಂಡ ಜಂಬಪ್ಪ ಆ ಗೇಟಿನ ಗ್ಯಾಂಗ್‌ಮನ್. ಇಪ್ಪತ್ತಾರು ವರ್ಷದಿಂದ ಗೇಟು ತೆರೆದು ಮುಚ್ಚುತ್ತಿದ್ದಾನೆ, ಇಪ್ಪತ್ತಾರು ವರ್ಷದಿಂದಲೂ ಹಂಗಾಮಿ. ಹತ್ತು ದಿನದ ಕೆಳಗೆ ಮಧ್ಯಾಹ್ನ ಮಳೆ ಒಂದೇ ಸಮ ಹೊಯ್ದು, ಗೇಟು ಮುಚ್ಚು ಎಂದು ಫೋನು ಬಂತು. ಜಂಬಪ್ಪ ಹೋಗಿ ಮುಚ್ಚಿ ಬಂದ. ಎರಡು ತಾಸಿನಲ್ಲಿ ಕೆಳಗಿನ ಏರಿ ಒಡೆಯಿತು. ನಾಟಿ ಮಾಡಿ ವಾರವಾಗಿದ್ದ ಭತ್ತದ ಗದ್ದೆಗಳ ಮೇಲೆ ಮೊಳಕಾಲುದ್ದ ಮರಳು ನಿಂತಿತು. ಹೋಗಿ ನೋಡಿದರೆ ಗೇಟು ಪೂರಾ ತೆರೆದಿತ್ತು. ಕುಡಿದ ಅಮಲಿನಲ್ಲಿ ಗೇಟ್ ತೆರೆದ ಎಂದು ಪೇಪರಿನಲ್ಲಿ ಬಂತು. ಕೆಲಸದಿಂದ ತೆಗೆದರು. ಪೊಲೀಸರು ಕರೆಸಿ ಒಂದು ದಿನ ಕೂರಿಸಿಕೊಂಡರು. ನಾಡಿದ್ದು ಬುಧವಾರ ಗೇಟಿನ ಹತ್ತಿರವೇ ವಿಚಾರಣೆ. ಅದಾದ ಮೇಲೆ ಕೇಸು.

"ಅಂವ ಕುಡಿತಾನ, ಸುಳ್ಳ್ಯಾಕ ಹೇಳ್ಲಿ. ಅವತ್ತು ಕುಡಿದಿದ್ದಿಲ್ಲ. ಮಿರ್ಚಿ ಭಜಿ ಕರದು ಕೊಡು ಅಂತ ಒಲಿ ಮುಂದ ಕುಂತಿದ್ದ, ಫೋನ್ ಬಂತು, ಎದ್ದು ಹೋದ. ಬಂದು ಏನಂದ ಗೊತ್ತೇನು? ಐವತ್ನಾಕು ಸುತ್ತು ಹಾಕಿ ಮುಚ್ಚಿ ಬಂದ್ನಿ, ಗಟ್ಟಿ ಕುಂತೈತಿ, ಇನ್ನು ಮಿರ್ಚಿ ಕೊಡು ಅಂದ. ಐವತ್ನಾಕು! ಕುಡಿದಾಂವ ಲೆಕ್ಕ ಇಡತಾನೇನವ್ವಾ?"

"ಯಾ ಕಡೆ ಸುತ್ತು ಹಾಕಿದ್ರು?" ಎಂದಳು ಅನ್ನಪೂರ್ಣ.

"ಯಾ ಕಡೆ ಅಂದ್ರ? ಪ್ರದಕ್ಷಿಣಿ. ಗೇಟಿನ ಬುಡಕ್ಕ ಗಂಗಮ್ಮನ ಕಲ್ಲು ಐತಿ. ಪ್ರದಕ್ಷಿಣಿ ಹಾಕಿದ್ರ ಮುಚ್ಚತೈತಿ, ಉಲ್ಟಾ ಸುತ್ತಿದ್ರ ತೆರಿತೈತಿ. ಅಂವನ ಅಪ್ಪನ ಕಾಲದಾಗೂ ಹಂಗ. ಪೂರಾ ತೆರೆದದ್ದು ಪೂರಾ ಮುಚ್ಚಾಕ ನೂರಾ ಎಂಟು ಸುತ್ತು. ಅವತ್ತು ಅರ್ಧ ತೆರೆದಿತ್ತು, ಐವತ್ನಾಕು ಹಾಕಿದ. ಊರಾಗ ಎಲ್ಲಾರೂ ನಗಾಕತ್ಯಾರ. ದೇವರಿಗೆ ಸುತ್ತು ಹಾಕಿ ನೀರು ಬಿಟ್ಟ ಅಂತಾರ."

ಅನ್ನಪೂರ್ಣ ಟೇಬಲ್ಲಿನ ಕಡೆ ನೋಡಿದಳು. ಅಲ್ಲಿ ಫ್ಯಾನಿನ ಗಾಳಿಗೆ ಡ್ರಾಯಿಂಗ್ ಹಾಳೆಗಳು ಹಾರದಂತೆ ಒಂದು ಗೇಣುದ್ದದ ದಪ್ಪ ಕಬ್ಬಿಣದ ತುಂಡು ಇಟ್ಟಿತ್ತು. ಅದರ ಮೇಲೆ ಚೌಕ ಹಲ್ಲಿನ ಹಳೆಯ ಥ್ರೆಡ್. ಚಹಾ ತರಿಸುತ್ತೇನೆ ಎಂದಳು. ನಿಂಗಕ್ಕ ಬೇಡವೆಂದು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, "ನೀನೂ ಏನೂ ಹೇಳ್ಲಿಲ್ಲ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅನ್ನಪೂರ್ಣಳಿಗೆ ಅದೇ ಚುಚ್ಚಿತು.

ಮೇ ತಿಂಗಳಲ್ಲಿ ಕಂತ್ರಾಟುದಾರ ಮಹಾಂತೇಶ ಆ ಹಳೆಯ ಸ್ಕ್ರೂ ರಾಡನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ. ಐದಡಿ ಉದ್ದ, ಎರಡಿಂಚು ದಪ್ಪ, ಅದರಲ್ಲಿ ಮೂರಡಿ ಥ್ರೆಡ್, ಇಂಚಿಗೆ ಮೂರು ಸುತ್ತು. ಬಾಗಿಹೋಗಿತ್ತು. ಅನ್ನಪೂರ್ಣ ಗಾದಿಗನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಐಟಿಐನಲ್ಲಿ ಟರ್ನರ್ ಕಲಿತವಳು. ಆ ವರ್ಷದ ಬ್ಯಾಚಿನಲ್ಲಿ ಅವಳೊಬ್ಬಳೇ ಹುಡುಗಿ. ಹೊಸಪೇಟೆಯ ಕೊಟ್ರಯ್ಯನವರ ಶಾಪಿಗೆ ಸೇರಿ ಹನ್ನೊಂದು ವರ್ಷ. ಕಂಪ್ಲಿಯ ಅಕ್ಕಿ ಗಿರಣಿಗಳ ಶಾಫ್ಟು, ವಡ್ಡು ಊರಿನ ಕಡೆಯ ಉಕ್ಕಿನ ಕಾರ್ಖಾನೆಗಳ ರೋಲರು, ರೈತರ ಪಂಪು, ಎಲ್ಲ ಅವಳ ಕೈಯಲ್ಲಿ ಹೋಗಿದ್ದವು. ಹಳೆಯ ಸ್ಕ್ರೂ ಬಂದರೆ ಮೊದಲು ಅದನ್ನು ನೆಟ್ಟಗೆ ಎತ್ತಿ ಹಿಡಿದು ನೋಡಬೇಕು. ಹಲ್ಲುಗಳು ಬಲಕ್ಕೆ ಏರಿದ್ದರೆ ಎಲ್ಲ ಕಡೆ ಇರುವ ಸೀದಾ ಥ್ರೆಡ್. ಎಡಕ್ಕೆ ಏರಿದ್ದರೆ ಉಲ್ಟಾ.

ಎಡಕ್ಕೆ ಏರಿದ್ದವು.

"ಮಹಾಂತೇಶಣ್ಣ, ಇದು ಉಲ್ಟಾ ಥ್ರೆಡ್ ಐತ್ರಿ."

"ಹೌದಾ? ಡ್ರಾಯಿಂಗ್‌ನ್ಯಾಗ ಉಲ್ಟಾ ಅಂತ ಬರದಾರೇನು?"

"ಬರದಿಲ್ಲ."

"ಮತ್ತ? ಸೀದಾ ಹಾಕು. ನಟ್ಟೂ ಹೊಸಾದು ನೀನೇ ಮಾಡತೀ. ಎರಡೂ ಒಂದಕ್ಕೊಂದು ಕೂತ್ರ ಸಾಕು. ಹಳೇ ಕಾಲದವರು ಏನರ ತಪ್ಪು ಮಾಡಿರತಾರ."

ತಪ್ಪು ಮಾಡಿರಲಿಲ್ಲ. ಆ ಗೇಟಿನಲ್ಲಿ ತಿರುಗುವುದು ರಾಡಲ್ಲ, ಕಂಬದ ಮೇಲೆ ಕೂತ ನಟ್ಟು. ನಟ್ಟು ತಿರುಗಿದರೆ ರಾಡು ಮೇಲೆ ಕೆಳಗೆ ಹೋಗುತ್ತದೆ. ಅಂಥ ಕಡೆ ಸೀದಾ ಥ್ರೆಡ್ ಹಾಕಿದರೆ, ನಲ್ಲಿ ಮುಚ್ಚಲು ತಿರುಗಿಸುವ ಕಡೆಗೇ ಗೇಟು ತೆರೆಯುತ್ತದೆ. ಮನುಷ್ಯನ ಕೈಗೆ ಸರಿಹೋಗಲಿ, ಮುಚ್ಚುವಾಗ ಬಲಕ್ಕೆ ಸುತ್ತಲಿ ಎಂದೇ ಹಿಂದೆ ಯಾರೋ ಮೈ ಮುರಿದು ಉಲ್ಟಾ ಕತ್ತರಿಸಿದ್ದರು. ಇಷ್ಟೂ ಅವತ್ತು ಅವಳ ತಲೆಗೆ ಹೊಳೆಯಲಿಲ್ಲ. ಯಾಕೆ ಉಲ್ಟಾ ಎಂದು ಒಂದು ಗಳಿಗೆ ಅನಿಸಿತು, ಅಷ್ಟೇ. ಅವಳ ಲೇತಿನಲ್ಲಿ ಟೂಲು ಓಡುವ ದಿಕ್ಕು ಬದಲಿಸುವ ಸನ್ನೆಕೋಲು ಮುರಿದು ಎರಡು ವರ್ಷವಾಗಿತ್ತು. ಉಲ್ಟಾ ಕತ್ತರಿಸಬೇಕೆಂದರೆ ಪಕ್ಕದ ಡಬ್ಬಿ ಬಿಚ್ಚಿ ಇನ್ನೊಂದು ಗೇರು ಕೂರಿಸಬೇಕು, ಅರ್ಧ ದಿನದ ಕೆಲಸ. ಸೀದಾ ಹಾಕು ಅಂದರು, ಹಾಕಿದಳು.

ಚೆನ್ನಾಗಿಯೇ ಹಾಕಿದಳು. ಚೌಕ ಹಲ್ಲಿನ ಟೂಲಿಗೆ ಎರಡೂ ಪಕ್ಕ ಗೀರಿನ ಇಳಿಜಾರಿಗೆ ತಕ್ಕಂತೆ ಸಾಣೆ ಹಿಡಿಯಬೇಕು, ಇಲ್ಲದಿದ್ದರೆ ಹಲ್ಲಿನ ಗೋಡೆಗೆ ಉಜ್ಜುತ್ತದೆ. ಉದ್ದನೆಯ ರಾಡು ನಡುವೆ ನಡುಗದಂತೆ ಆಸರೆ ಕೊಡಬೇಕು. ಕೊನೆಯ ನಾಲ್ಕು ಸಲ ಬರೀ ಎಣ್ಣೆ, ಆಳವೇ ಇಲ್ಲ ಅನ್ನುವಷ್ಟು ಆಳ. ಎಲ್ಲ ಮಾಡಿದಳು. ನಟ್ಟು ಹಾಕಿ ಒಂದು ಬೆರಳಿನಲ್ಲಿ ತಿರುಗಿಸಿದರೆ ಕೊನೆತನಕ ಓಡಿತು. ಹನ್ನೊಂದು ವರ್ಷದಲ್ಲಿ ತಾನು ಮಾಡಿದ ಅತಿ ಒಳ್ಳೆಯ ಥ್ರೆಡ್ ಎಂದು ಫೋಟೊ ಕೂಡ ತೆಗೆದುಕೊಂಡಿದ್ದಳು.

ಡ್ರಾಯಿಂಗ್‌ನಲ್ಲಿ ದಪ್ಪ ಇತ್ತು, ಉದ್ದ ಇತ್ತು, ಇಂಚಿಗೆ ಎಷ್ಟು ಸುತ್ತೆಂಬುದಿತ್ತು, ಮೂರು ಜನರ ಸಹಿ ಇತ್ತು. ಅದನ್ನು ತಿರುಗಿಸುವ ಮನುಷ್ಯ ಇರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಮೂವರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ನಾಲ್ಕನೆಯವಳು ತಾನು, ತನಗೂ ತೋಚಿರಲಿಲ್ಲ.

ಕೊಟ್ರಯ್ಯ ಒಳಗಿನ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು, ಟೇಬಲ್ಲಿನ ಮೇಲಿನ ತುಂಡನ್ನು ಕೈಯಲ್ಲಿ ತೂಗಿ ನೋಡಿದರು.

"ಇದನ್ನ ಇನ್ನೂ ಇಟಗೊಂಡೀಯಾ?"

"ಗೇಟಿನ ಹಳೇ ರಾಡಿನ ಥ್ರೆಡ್ ಛಲೋ ಐತ್ರಿ ಅಯ್ನೋರ. ಅದಕ್ಕ ಒಂದು ತುಂಡು ಕೊಯ್ದು ಇಟ್ಟಿದ್ದೆ."

"ನಾಳೆ ಸ್ಕ್ರಾಪಿನ ಗಾಡಿ ಬರತೈತಿ. ಅದರಾಗ ಹಾಕಿಬಿಡು."

"ಅಯ್ನೋರ..."

"ಏನ್ ಅಯ್ನೋರ? ಮಹಾಂತೇಶ ಕೆಲಸ ಕೊಡೋದು ಬಿಟ್ರ ಈ ಮೂರು ಮಷಿನ್ ಪೈಕಿ ಎರಡಕ್ಕ ಬಟ್ಟಿ ಮುಚ್ಚಬೇಕು. ನೀ ಹೋಗಿ ಅಲ್ಲಿ ಬಾಯಿ ಬಿಟ್ರ ಅವನ್ನ ಹಿಡೀತಾರ ಅಂತ ತಿಳಕೊಂಡೀಯಾ? ಮೊದಲು ಕೈ ಯಾರದು ಅಂತ ಕೇಳತಾರ. ಕೈ ನಿಂದು. ನಾ ನಿನ್ನ ಸಲುವಾಗೇ ಹೇಳಾಕತ್ತೀನಿ ತಂಗಿ."

ಅವರು ಹೇಳಿದ್ದು ಸುಳ್ಳಲ್ಲ. ಈ ಸೀಮೆಯಲ್ಲಿ ಕಬ್ಬಿಣದ್ದೇ ದರಬಾರು. ಗುಡ್ಡ ಬಗೆದು ಸಾಗಿಸಿದವರು ಯಾರೂ ಗುಡ್ಡ ಬಿದ್ದಾಗ ಕೆಳಗಿರಲಿಲ್ಲ. ಕ್ರೇನಿನ ಕೊಂಡಿ ಕಳಚಿದರೆ ಕೊಂಡಿ ಹಾಕಿದವನ ತಪ್ಪು, ಲಾರಿ ಮಗುಚಿದರೆ ಡ್ರೈವರನ ತಪ್ಪು, ಏರಿ ಒಡೆದರೆ ಗೇಟಿನವನ ತಪ್ಪು. ತಪ್ಪೆಂಬುದೂ ನೀರಿನ ಹಾಗೆ, ತಗ್ಗಿರುವ ಕಡೆಗೇ ಹರಿಯುತ್ತದೆ. ಈಗ ಜಂಬಪ್ಪನ ಹತ್ತಿರ ನಿಂತಿದೆ. ತಾನು ಬಾಯಿ ಬಿಟ್ಟರೆ ಮೇಲಕ್ಕೆ ಹೋಗುವುದಿಲ್ಲ, ಪಕ್ಕಕ್ಕೆ ಸರಿದು ತನ್ನ ಕಾಲ ಬಳಿ ಬರುತ್ತದೆ. ಅಷ್ಟಾದರೂ ಅವನ ಬಳಿಯಿಂದ ಸರಿಯುತ್ತದೆ.

ಮರುದಿನ ಸ್ಕ್ರಾಪಿನ ಗಾಡಿ ಬಂತು. ಲೋಹದ ಸುರುಳಿಗಳನ್ನೂ ಮುರಿದ ಶಾಫ್ಟುಗಳನ್ನೂ ಅವಳೇ ತುಂಬಿಸಿದಳು. ತುಂಡು ಅವಳ ಊಟದ ಚೀಲದಲ್ಲಿತ್ತು, ಬುತ್ತಿಯ ಕೆಳಗೆ.

ಬುಧವಾರ ರಜೆ ಹೇಳದೆ ಬುಕ್ಕಸಾಗರದ ಬಸ್ಸು ಹತ್ತಿದಳು.

ಕಾಲುವೆಯ ದಂಡೆಯಲ್ಲಿ ನೂರು ಜನ ಸೇರಿದ್ದರು. ಗದ್ದೆ ಕಳಕೊಂಡವರು ಒಂದು ಕಡೆ, ನೋಡಲು ಬಂದವರು ಇನ್ನೊಂದು ಕಡೆ. ಗೇಟಿನ ಕಟ್ಟೆಯಿಂದ, ಗೇಟು ದಾಟಿದ ನೀರು ಹರಿಯುವ ಕೆಳಗಿನ ಕಾಲುವೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಕಟ್ಟೆಯ ಮೇಲೆ ಕಬ್ಬಿಣದ ಕಂಬ, ಕಂಬದ ತಲೆಯಲ್ಲಿ ನಟ್ಟು, ಅದಕ್ಕೆ ಅಡ್ಡಲಾಗಿ ಎದೆ ಎತ್ತರದ ಉದ್ದನೆಯ ಸನ್ನೆಕೋಲು. ಎರಡು ಕಡೆ ಇಬ್ಬರು ಹಿಡಿದು ಸುತ್ತುವಂಥದ್ದು. ಜಂಬಪ್ಪನಿಗೆ ಜೊತೆಯಾಳು ಕೊಡುವುದನ್ನು ನಿಲ್ಲಿಸಿ ಆರು ವರ್ಷವಾಗಿತ್ತು. ಒಬ್ಬನೇ ಸುತ್ತುತ್ತಿದ್ದ. ಗ್ರೀಸಿಗೆ ಧೂಳು ಕೂರದಿರಲೆಂದು ಈ ಸಲ ರಾಡಿನ ಮೇಲೆ ಪೈಪು ಮುಚ್ಚಿ ವೆಲ್ಡ್ ಮಾಡಿದ್ದರು. ಒಳಗೆ ರಾಡು ಏರುತ್ತಿದೆಯೋ ಇಳಿಯುತ್ತಿದೆಯೋ ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಸ ರಾಡು ಕೂರಿಸಿದವರು ಅರ್ಧ ತೆರೆದ ಗೇಟು ಬಿಟ್ಟು ಹೋಗಿದ್ದರು. ಅದಾದ ಮೇಲೆ ಅದಕ್ಕೆ ಮೊದಲ ಸಲ ಕೈ ಹಾಕಿದ್ದು, ಆ ಮಳೆಯಲ್ಲಿ, ಜಂಬಪ್ಪ. ಏರಿ ಒಡೆದ ಮೇಲೆ ಗೇಟು ಇಳಿಸಿದವರು ಹೊರಗಿನ ಆಳುಗಳು, ಸನ್ನೆ ತಿರುಗಿದ ಕಡೆಗೆ ತಿರುಗಿಸಿ ಹೋಗಿದ್ದರು, ಅದು ಯಾವ ಕಡೆ ಎಂದು ಯಾರೂ ಗಮನಿಸಿರಲಿಲ್ಲ.

ಅವನು ಕಟ್ಟೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಗಿಡ್ಡ ಆಳು, ತೋಳು ಮಾತ್ರ ಹುರಿಹಗ್ಗ. ಇಂಜಿನಿಯರ್ ಚಿಕ್ಕ ವಯಸ್ಸಿನವನು, ಎರಡು ತಿಂಗಳ ಕೆಳಗೆ ವರ್ಗವಾಗಿ ಬಂದವನು. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಅವನ ಪಕ್ಕದಲ್ಲಿ ಬಿಳಿ ಅಂಗಿಯ ಮಹಾಂತೇಶ.

"ನೀವು ಗೇಟ್ ತೆರೆದದ್ದು ಹೌದೋ ಅಲ್ಲವೋ?" ಇಂಜಿನಿಯರ್ ಕೇಳಿದ.

"ಮುಚ್ಚಿದ್ನಿ ಸಾಹೇಬ್ರ."

"ಮುಚ್ಚಿದರೆ ತೆರೆದುಕೊಂಡದ್ದು ಹೇಗೆ?"

"ಅದು ನನಗೆ ಹೆಂಗ ಗೊತ್ತಾಗಬೇಕ್ರಿ? ನೀರು ಏರಿದಂಗ ಏರಿದಂಗ ನಾ ಜಲ್ದಿ ಜಲ್ದಿ ಸುತ್ತಿದ್ನಿ. ಐವತ್ನಾಕಕ್ಕ ಗಟ್ಟಿ ನಿಂತ್ತು. ಬರೋಬರಿ ಅಷ್ಟಕ್ಕೇ ನಿಲ್ಲಬೇಕು, ನಿಂತ್ತು."

ಯಾರೋ ಹಿಂದಿನಿಂದ, "ಇನ್ನೊಂದು ಕ್ವಾರ್ಟರ್ ಹೊಡೆದಿದ್ರ ನೂರೆಂಟೂ ಆಗತಿತ್ತು ಲೇ" ಎಂದ. ನಗು ಎದ್ದಿತು. ನಿಂಗಕ್ಕ ಆ ಕಡೆ ತಿರುಗಿ, "ನಿನ್ನ ಹೊಲಕ್ಕ ರಾತ್ರಿ ಹಗಲು ನೀರು ಬಿಟ್ಟಾಗ ಈ ಬಾಯಿ ಎಲ್ಲಿತ್ತೋ?" ಎಂದಳು. ನಗು ನಿಂತಿತು.

ಅನ್ನಪೂರ್ಣ ಜನರ ನಡುವೆ ದಾರಿ ಮಾಡಿಕೊಂಡು ಕಟ್ಟೆ ಹತ್ತಿದಳು. ಅವಳನ್ನು ನೋಡಿ ಮಹಾಂತೇಶನ ಮುಖ ಬದಲಾಯಿತು.

"ಸರ್, ಆ ಸ್ಕ್ರೂ ಮಾಡಿದ್ದು ನಾನು. ಒಂದು ಮಾತು ಹೇಳಬೇಕ್ರಿ."

"ಏಯ್, ಇಲ್ಲೇನು ಕೆಲಸ ನಿಂದು? ಕೊಟ್ರಯ್ಯ ಕಳಿಸ್ಯಾರೇನು?" ಎಂದು ಮಹಾಂತೇಶ ಗದರಿದ.

"ಯಾರೂ ಕಳಿಸಿಲ್ಲ ಅಣ್ಣ. ಬಸ್ಸಿಗೆ ಬಂದೀನಿ." ಅವಳು ಇಂಜಿನಿಯರನ ಕಡೆ ತಿರುಗಿದಳು. ಎಡಕ್ಕೆ ಏರುವ ಹಲ್ಲು, ಬಲಕ್ಕೆ ಏರುವ ಹಲ್ಲು, ಹೇಳಿದರೆ ಈ ಬಿಸಿಲಲ್ಲಿ ಯಾರಿಗೆ ತಿಳಿದೀತು? ಅವಳು ಚೀಲವನ್ನು ಕೆಳಗಿಟ್ಟಳು. "ಸರ್, ಈಗ ಗೇಟು ಒಂದೀಟು ತೆರೆದೈತಿ, ನೀರು ಹೋಗಾಕತೈತಿ. ನೀವೇ ಒಂದ್ಸಲ ಮುಚ್ಚಿಬಿಡ್ರಿ. ಆಮ್ಯಾಲೆ ನಾ ಹೇಳತೀನಿ."

ಇಂಜಿನಿಯರ್ ಅವಳನ್ನೂ ಸನ್ನೆಯನ್ನೂ ನೋಡಿದ. ಜನ ನೋಡುತ್ತಿದ್ದರು. ಒಲ್ಲೆ ಎನ್ನಲು ಕಾರಣ ಸಿಗಲಿಲ್ಲ. ಸನ್ನೆಗೆ ಕೈ ಹಾಕಲು ಹೋದಾಗ ಜಂಬಪ್ಪ ಕೂತಲ್ಲಿಂದಲೇ, "ಸಾಹೇಬ್ರ, ಬೂಟು. ಗಂಗಮ್ಮ ಅದಾಳ" ಎಂದ. ಇಂಜಿನಿಯರ್ ನಾಲ್ಕು ಮೆಟ್ಟಿಲು ಇಳಿದು, ನೀರಿಗಿಂತ ಒಂದು ಮೆಟ್ಟಿಲು ಮೇಲೆ ಬೂಟು ಬಿಚ್ಚಿಟ್ಟು, ಕಾಲು ತೊಳೆದು ಮೇಲೆ ಬಂದ.

ಯಾವ ಕಡೆ ಎಂದು ಅವನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ. ಸನ್ನೆ ಹಿಡಿದವನು ಕಲ್ಲನ್ನು ಬಲಕ್ಕಿಟ್ಟುಕೊಂಡು ಸುತ್ತತೊಡಗಿದ. ಐದು ಸುತ್ತಿಗೆ ಬೆವರಿದ. ಹತ್ತಕ್ಕೆ ಉಸಿರು ಬಿಟ್ಟ. ಕೆಳಗೆ ನೀರಿನ ಸದ್ದು ಬದಲಾಗಿತ್ತು. ಅವನು ಇನ್ನಷ್ಟು ಜೋರಾಗಿ ಸುತ್ತಿದ. ಹದಿನೈದು. ಹದಿನಾರು.

"ಸಾಹೇಬ್ರ ಬೂಟು!"

ನೀರು ಮೆಟ್ಟಿಲು ಹತ್ತಿ ಎರಡೂ ಬೂಟುಗಳನ್ನು ಎತ್ತಿಕೊಂಡಿತ್ತು. ಮೂಲೆಯಲ್ಲಿ ಕೂತಿದ್ದ ಜಂಬಪ್ಪ ಮೊದಲು ಹಾರಿದ. ಸೊಂಟದ ಮಟ್ಟ ನೀರಿಗೆ ಬಿದ್ದು ಒಂದನ್ನು ಹಿಡಿದ. ಇನ್ನೊಂದು ಕೆಳಗೆ ಹೋಯಿತು. ಯಾರೂ ನಗಲಿಲ್ಲ. ಎಲ್ಲರೂ ಇಂಜಿನಿಯರನ ಕೈಗಳನ್ನು ನೋಡುತ್ತಿದ್ದರು. ಅವನು ಸನ್ನೆ ಬಿಟ್ಟು, ತನ್ನ ಅಂಗೈಗಳನ್ನೇ ನೋಡಿಕೊಂಡ.

"ನಾನು ಮುಚ್ಚುತ್ತಿದ್ದೆ" ಎಂದ.

"ಅಂವನೂ ಅದನ್ನೇ ಹೇಳಾಕತ್ತಾನ್ರಿ ಅವತ್ತಿನಿಂದ" ಎಂದಳು ನಿಂಗಕ್ಕ.

ಅನ್ನಪೂರ್ಣ ಬುತ್ತಿಯ ಕೆಳಗಿನಿಂದ ತುಂಡು ತೆಗೆದಳು. ನೆಟ್ಟಗೆ ಹಿಡಿದು ಹಲ್ಲುಗಳ ಏರು ತೋರಿಸಿದಳು. ಫೋನಿನಲ್ಲಿದ್ದ ಹೊಸ ರಾಡಿನ ಫೋಟೊ ಪಕ್ಕದಲ್ಲಿ ಹಿಡಿದಳು. ಗದ್ದೆ ಕಳಕೊಂಡವರು ಒಬ್ಬೊಬ್ಬರಾಗಿ ಬಂದು ತುಂಡನ್ನು ಮುಟ್ಟಿ, ಹಲ್ಲಿನ ಮೇಲೆ ಹೆಬ್ಬೆರಳು ಓಡಿಸಿ ನೋಡಿದರು. ಮಹಾಂತೇಶ, "ಡ್ರಾಯಿಂಗ್‌ನ್ಯಾಗ ಇದ್ದಂಗ ಮಾಡಿಸೀನ್ರಿ ಸರ್, ನಿಮ್ಮ ಇಲಾಖೆ ಡ್ರಾಯಿಂಗ್ ಅದು" ಎಂದು ಎರಡು ಸಲ ಹೇಳಿದ.

ಗುಮಾಸ್ತ ಅವಳ ಹೇಳಿಕೆ ಬರೆದುಕೊಂಡ. ಅವಳು ಹೇಳಿದ್ದು ಇಷ್ಟೇ: "ಹಳೇದು ಉಲ್ಟಾ ಇತ್ತು, ನಾ ನೋಡಿದೆ. ಉಲ್ಟಾ ಐತಿ ಅಂತ ಹೇಳಿದೆ. ಸೀದಾ ಹಾಕು ಅಂದ್ರು. ಹಾಕಿದೆ. ತಿರುಗಿಸೋರನ್ನ ಕೇಳಬೇಕಿತ್ತು, ಕೇಳಲಿಲ್ಲ."

ಹದಿನೈದು ದಿನಕ್ಕೆ ವರದಿ ಬಂತು. ಜಂಬಪ್ಪ ಕುಡಿದಿದ್ದ ಎಂಬುದಕ್ಕೆ ಪುರಾವೆಯಿಲ್ಲ, ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬಹುದು, ಹಂಗಾಮಿಯಾಗಿ. ಅವಘಡಕ್ಕೆ ಕಾರಣ ಲೇತ್ ಕೆಲಸಗಾರರ ನಿರ್ಲಕ್ಷ್ಯ. ಅವಳು ಹೇಳಿದ ಐದು ಮಾತಿನಲ್ಲಿ ಮೊದಲಿನ ಮೂರು ವರದಿಯಲ್ಲಿರಲಿಲ್ಲ. ಡ್ರಾಯಿಂಗಿನ ಮೂರು ಸಹಿಗಳ ಸುದ್ದಿಯೂ ಇರಲಿಲ್ಲ. ಹೊಸ ರಾಡೂ ನಟ್ಟೂ ಮಾಡಿಸುವ ಕೆಲಸ ಮತ್ತೆ ಮಹಾಂತೇಶನಿಗೇ ಹೋಯಿತು.

ಕೊಟ್ರಯ್ಯ ಅವಳಿಗೆ ಆ ಹದಿನೈದು ದಿನ ಬರೀ ಬುಷ್ ಕೊರೆಯುವ, ಕಲಿಯುವ ಹುಡುಗರ ಕೆಲಸ ಕೊಟ್ಟಿದ್ದರು. ವರದಿ ಬಂದ ದಿನ, "ಹೇಳಿರಲಿಲ್ಲೇನು? ಕೈ ಯಾರದು ಅಂತ ಕೇಳತಾರ ಅಂತ" ಎಂದರು. ಅವಳ ಲೆಕ್ಕ ಚುಕ್ತಾ ಮಾಡುವ ಮಾತು ಅವರ ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬುಕ್ಕಸಾಗರದ ಟ್ರ್ಯಾಕ್ಟರೊಂದು ಬಾಗಿಲಿಗೆ ಬಂದು ನಿಂತಿತು. ಟ್ರೇಲರಿನಲ್ಲಿ ಎಂಟು ಜನ, ಮುಂದೆ ನಿಂಗಕ್ಕ. ಗೇಟಿನ ಸ್ಕ್ರೂ ಇನ್ನೊಬ್ಬರ ಕೈಯಲ್ಲಿ ಮಾಡಿಸಿದರೆ ಕಟ್ಟೆ ಹತ್ತಲು ಬಿಡುವುದಿಲ್ಲವೆಂದು ಮಹಾಂತೇಶನಿಗೆ ಹೇಳಿಯೇ ಬಂದಿದ್ದರು.

"ತಪ್ಪು ಮಾಡಿದ ಕೈಯಿಂದನ ಮತ್ತ ಮಾಡಸ್ತೀರಾ?" ಎಂದರು ಕೊಟ್ರಯ್ಯ.

"ತಪ್ಪು ಮಾಡೇನಿ ಅಂದ ಕೈ ಅದೊಂದೇ ಐತ್ರಿ ಅಯ್ನೋರ" ಎಂದಳು ನಿಂಗಕ್ಕ. "ಆ ಡ್ರಾಯಿಂಗಿನ ಮೂರು ಸಹಿ ಯಾರವು ಅಂತ ಕೇಳಾಕ ನಾವು ಸೋಮವಾರ ಆಫೀಸಿಗೆ ಹೊಂಟೀವಿ. ನಿಮ್ಮ ಹೆಣ್ಮಗಳು ಮೊದಲು ಇದನ್ನ ಮಾಡಲಿ."

ಕೊಟ್ರಯ್ಯ ಹೋಗಿ ಲೇತಿನ ಪಕ್ಕದ ಡಬ್ಬಿಯ ಬೋಲ್ಟು ಬಿಚ್ಚಿಸಿದರು. ಇನ್ನೊಂದು ಗೇರು ಕೂರಿಸಲು ಅರ್ಧ ದಿನ ಹಿಡಿಯಿತು. ಉಲ್ಟಾ ಥ್ರೆಡ್ಡಿಗೆ ಟೂಲು, ರಾಡನ್ನು ಕಚ್ಚಿ ಹಿಡಿಯುವ ಚಕ್ಕಿನ ಬಳಿಯಿಂದ ಶುರುವಾಗಿ ಹೊರಕ್ಕೆ ಓಡುತ್ತದೆ. ಮೊದಲೇ ಅಲ್ಲಿ ರಾಡಿನ ಸುತ್ತ ಒಂದು ತೋಡು ಕೊರೆದು ಟೂಲಿಗೆ ಇಳಿಯಲು ಜಾಗ ಮಾಡಬೇಕು. ಅನ್ನಪೂರ್ಣ ಮೂರು ದಿನ ಹಿಡಿದಳು. ಆ ಹಳೆಯ ತುಂಡನ್ನು ಲೇತಿನ ತಲೆಯ ಮೇಲೆ ಕಣ್ಣೆದುರಿಗೆ ಇಟ್ಟುಕೊಂಡಿದ್ದಳು. ಈ ಸಲ ಫೋಟೊ ತೆಗೆಯಲಿಲ್ಲ.

ಕೂರಿಸುವ ದಿನ ಕಟ್ಟೆಗೆ ಹೋಗಿ ಮೊದಲು ಮಾಡಿಸಿದ ಕೆಲಸ ಆ ಪೈಪು ಕೊಯ್ಯಿಸಿದ್ದು. ಧೂಳು ಕೂತರೆ ಕೂರಲಿ, ರಾಡು ಕಾಣಬೇಕು ಎಂದಳು. ಕೆಲಸ ಒಪ್ಪಿಸುವ ಮುಂಚೆ ಜಂಬಪ್ಪನನ್ನು ಕರೆದಳು.

"ಮಾವ, ಮೊದಲು ನೀವು ಸುತ್ತಿ ನೋಡ್ರಿ. ನಿಮ್ಮ ಕೈ ಒಪ್ಪಿದ್ರ ಆತು. ಇಲ್ಲಾಂದ್ರ ವಾಪಸ್ ಒಯ್ತೀನಿ."

ಇಪ್ಪತ್ತಾರು ವರ್ಷದಲ್ಲಿ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವನು ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಗೇಟು ಪೂರಾ ತೆರೆದಿತ್ತು. ಸನ್ನೆಯ ಒಂದು ತುದಿ ಹಿಡಿದ. ಎರಡನೆಯ ತುದಿ ಆರು ವರ್ಷದಿಂದ ಖಾಲಿ. ಅನ್ನಪೂರ್ಣ ಚಪ್ಪಲಿ ಬಿಟ್ಟು ಬಂದು ಅದನ್ನು ಹಿಡಿದಳು.

ಕಲ್ಲನ್ನು ಬಲಕ್ಕಿಟ್ಟುಕೊಂಡು ಇಬ್ಬರೂ ನಡೆದರು. ಎಣ್ಣೆ ಮಿರುಗುವ ರಾಡು ಎಲ್ಲರ ಕಣ್ಣೆದುರಿಗೆ ಒಂದೊಂದೇ ಹಲ್ಲು ಕೆಳಗಿಳಿಯಿತು. ದಂಡೆಯ ಮೇಲಿದ್ದವರು ಎಣಿಸತೊಡಗಿದರು. ಐವತ್ತನಾಲ್ಕು ಬಂದಾಗ ಜಂಬಪ್ಪ ನಿಲ್ಲಲಿಲ್ಲ, ತಲೆ ತಗ್ಗಿಸಿ ಅದನ್ನು ದಾಟಿದ. ನೂರಾ ಏಳು. ನೂರಾ ಎಂಟು. ಸನ್ನೆ ಗಟ್ಟಿ ನಿಂತಿತು. ಕೆಳಗಿನ ಮೆಟ್ಟಿಲಲ್ಲಿ ನೀರು ಇಳಿದು, ಹಸಿ ಕಲ್ಲು ಮೇಲೆದ್ದಿತು.

ಅನ್ನಪೂರ್ಣ ಏದುಸಿರು ಬಿಡುತ್ತ ಅವನ ಮುಖ ನೋಡಿದಳು. ಅವನು ರಾಡನ್ನು ನೋಡಿದ, ನೀರನ್ನು ನೋಡಿದ, ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಮುಚ್ಚೈತಿ" ಎಂದ. "ಇನ್ನು ಮಿರ್ಚಿ ಕೊಡು."